ಅಮೆರಿಕದ ಮೊಮ್ಮಗನ ಎರಡು ಅಭಿಪ್ರಾಯಗಳು



ಈ ಸಲ ಮಳಖೇಡದ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅಮೋಘವರ್ಷ ನೃಪತುಂಗನ ಮಾನ್ಯಖೇಟವು ಸುಮಾರು 1200 ವರ್ಷ ಕಾದಿದೆ, ಇನ್ನೊಂದು ತಿಂಗಳು ಕಾಯಬಲ್ಲದು. ಅದಕ್ಕೆ ಬದಲಾಗಿ ಒಂದು ಜಗಳವನ್ನು ಬರೆಯುತ್ತಿದ್ದೇನೆ. ಜಗಳವಾಡಿದ್ದು ಇಪ್ಪತ್ತು ವರ್ಷದ ಹುಡುಗನೊಡನೆ. ಬರೆಯಲು ಕುಳಿತ ಮೇಲೆ, ನಾನು ಜಗಳವಾಡಬೇಕಾದದ್ದು ಅವನಿಗಿಂತ ಹೆಚ್ಚಾಗಿ ನಿಮ್ಮೊಡನೆ, ಆಮೇಲೆ ನನ್ನೊಡನೆ ಎಂಬುದು ತಿಳಿಯಿತು. ಓದಿ ಸಿಟ್ಟು ಬಂದರೆ, ಮಾಸ್ತರರಿಗೆ ವಯಸ್ಸಾಯಿತೆಂದುಕೊಂಡು ಸುಮ್ಮನಾಗಬೇಡಿ, ಉತ್ತರ ಬರೆಯಿರಿ.

ಕಳೆದ ಎಳ್ಳಮಾವಾಸ್ಯೆಗೆ ನನ್ನ ಅಕ್ಕನ ಮಗ ಸಂಸಾರಸಮೇತ ಅಮೆರಿಕದಿಂದ ಬಂದಿದ್ದ. ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಸಮೀಪ ಅವರ ವಾಸ. ಅವನ ಮಗ ಅಲ್ಲಿಯೇ ಹುಟ್ಟಿದವನು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾನೆ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ಮಾತು ಕನ್ನಡದಲ್ಲಿ ಆಡಿದರೆ ಐದನೆಯದು ಇಂಗ್ಲಿಷಿಗೆ ಜಾರುತ್ತದೆ. ನನ್ನನ್ನು 'ಮುತ್ಯಾ' ಎಂದು ಕರೆಯುತ್ತಾನೆ, ಅಷ್ಟಕ್ಕೇ ನಾನು ಅರ್ಧ ಸೋತಿರುತ್ತೇನೆ.

ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬೇವಿನ ಮರದ ಕೆಳಗೆ ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ ಹಾಕಿಕೊಂಡು ಊಟಕ್ಕೆ ಕುಳಿತಿದ್ದೆವು. ಸುತ್ತಲೂ ಕಾಯಿ ಬಲಿತ ತೊಗರಿ, ದೂರದಲ್ಲಿ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಚಿಮಣಿ. ಅವೆರಡರ ನಡುವೆ ಹಳ್ಳಿಯ ಸರಕಾರಿ ಶಾಲೆಯ ತಗಡಿನ ಛಾವಣಿ ಹೊಳೆಯುತ್ತಿತ್ತು. ಹುಡುಗ ಅದೇನೆಂದು ಕೇಳಿದ. ಶಾಲೆ ಎಂದೆ. "ಇನ್ನೂ ನಡೀತದೇನು ಮುತ್ಯಾ?" ಎಂದ. ಜಗಳ ಆರಂಭವಾದದ್ದು ಈ 'ಇನ್ನೂ' ಎಂಬ ಶಬ್ದದಿಂದ.

ಅವನಿಗೆ ಎರಡು ಅಭಿಪ್ರಾಯಗಳಿದ್ದವು. ಒಂದು ದೇಶದ ರಾಜಕೀಯದ ಬಗ್ಗೆ: ಭಾರತದಲ್ಲಿ ಓದುಬರಹ ಬಾರದವರಿಗೂ ಓಟು ಇರುವುದರಿಂದಲೇ ಇಂಥ ರಾಜಕಾರಣಿಗಳು ಗೆದ್ದು ಬರುತ್ತಾರೆ, ಸಣ್ಣದೊಂದು ಪರೀಕ್ಷೆ ಇಟ್ಟು ತೇರ್ಗಡೆಯಾದವರಿಗೆ ಮಾತ್ರ ಮತದಾನದ ಹಕ್ಕು ಕೊಡಬೇಕು. ಇನ್ನೊಂದು ಶಿಕ್ಷಣದ ಬಗ್ಗೆ: ಸರಕಾರ ಶಾಲೆ ನಡೆಸುವುದನ್ನು ನಿಲ್ಲಿಸಬೇಕು. ಒಂದೊಂದು ಮಗುವಿಗೆ ಖರ್ಚಾಗುವ ಹಣವನ್ನು ಚೀಟಿಯ ರೂಪದಲ್ಲಿ ತಂದೆತಾಯಿಯ ಕೈಗೆ ಕೊಟ್ಟರೆ ಅವರು ತಮಗೆ ಬೇಕಾದ ಖಾಸಗಿ ಶಾಲೆಯನ್ನು ಆರಿಸಿಕೊಳ್ಳುತ್ತಾರೆ. ಒಳ್ಳೆಯ ಶಾಲೆ ಉಳಿಯುತ್ತದೆ, ಕೆಟ್ಟದ್ದು ಮುಚ್ಚುತ್ತದೆ. ಅಮೆರಿಕದಲ್ಲಿ ಇದಕ್ಕೆ ವೋಚರ್ ಎನ್ನುತ್ತಾರೆ. ಮಿಲ್ಟನ್ ಫ್ರೀಡ್ಮನ್ ಎಂಬ ಅರ್ಥಶಾಸ್ತ್ರಜ್ಞ 1955ರಲ್ಲಿಯೇ ಇದನ್ನು ಪ್ರತಿಪಾದಿಸಿದ್ದ. 2025ರ ಮೇ ತಿಂಗಳಲ್ಲಿ ಟೆಕ್ಸಾಸ್ ರಾಜ್ಯವೇ ಇಂಥದೊಂದು ಕಾಯಿದೆ ಮಾಡಿ 100 ಕೋಟಿ ಡಾಲರ್ ತೆಗೆದಿರಿಸಿತು. ಅದೇ ವರ್ಷದ ಮಾರ್ಚಿನಲ್ಲಿ ಅಲ್ಲಿಯ ಅಧ್ಯಕ್ಷರು ಕೇಂದ್ರ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ದಿಕ್ಕಿನಲ್ಲಿ ಆದೇಶಕ್ಕೆ ಸಹಿ ಹಾಕಿದ್ದರು. ಹುಡುಗನ ತಲೆಯಲ್ಲಿ ಇದೆಲ್ಲ ಹೊಸದಾಗಿ ತುಂಬಿತ್ತು.

ಅವನ ಕೈಯಲ್ಲಿ ಪುರಾವೆಯೂ ಇತ್ತು. ಫೋನು ತೆಗೆದು ತೋರಿಸಿದ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇಕಡಾ 91.12, ಕಟ್ಟಕಡೆಗೆ ನಮ್ಮ ಕಲಬುರಗಿಗೆ ಶೇಕಡಾ 42.43. "ನೂರು ಮಂದಿಯೊಳಗ ಐವತ್ತೇಳು ಮಂದಿ ಫೇಲು. ಇಂಥಾ ಅಂಗಡಿ ನೀವಾದ್ರೂ ನಡಸ್ತಿದ್ರೇನು?" ಎಂದ. ಮೂವತ್ತಾರು ವರ್ಷ ಸೀಮೆಸುಣ್ಣ ಹಿಡಿದ ಕೈಯಲ್ಲಿ ರೊಟ್ಟಿ ಹಾಗೆಯೇ ಉಳಿಯಿತು.

ಮೊದಲು ಓಟಿನ ಮಾತು.

ಅವನು ಹೇಳಿದ ಪರೀಕ್ಷೆ ಅವನ ದೇಶದಲ್ಲಿಯೇ ಇತ್ತು. ಅಲಬಾಮಾ, ಮಿಸಿಸಿಪ್ಪಿ ಮೊದಲಾದ ದಕ್ಷಿಣದ ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ ಸಾಕ್ಷರತೆಯ ಪರೀಕ್ಷೆ ಕೊಡಬೇಕಾಗಿತ್ತು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಗುಮಾಸ್ತ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಪ್ಪು ಶಿಕ್ಷಕರೂ ಅದರಲ್ಲಿ ಅನುತ್ತೀರ್ಣರಾಗುತ್ತಿದ್ದರು. 1965ರ ಮತದಾನ ಹಕ್ಕುಗಳ ಕಾಯಿದೆ ಬಂದ ಮೇಲೆಯೇ ಆ ಪರೀಕ್ಷೆಗಳಿಗೆ ತಡೆ ಬಿದ್ದದ್ದು. ನಾವಾದರೋ 1950ರಲ್ಲಿ ಗಣರಾಜ್ಯವಾದ ದಿನವೇ ಎಲ್ಲ ವಯಸ್ಕರಿಗೂ ಓಟು ಕೊಟ್ಟೆವು. 1951ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇಕಡಾ 18ರ ಸುಮಾರು. ನಿಜಾಮನ ಆಡಳಿತದಿಂದ 1948ರ ಸೆಪ್ಟೆಂಬರಿನಲ್ಲಷ್ಟೇ ಬಿಡುಗಡೆಯಾಗಿದ್ದ ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಅದಕ್ಕಿಂತಲೂ ಕಡಿಮೆ. ನನ್ನ ತಂದೆ ಓದಿದ್ದು ಉರ್ದುವಿನಲ್ಲಿ, ಕೊನೆಯವರೆಗೂ ಸಹಿ ಮಾಡಿದ್ದು ಉರ್ದುವಿನಲ್ಲಿ. ಅಜ್ಜಿಗೆ ಯಾವ ಅಕ್ಷರವೂ ಬಾರದು. ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದವು. ಅಜ್ಜಿ ಚಿಹ್ನೆ ನೋಡಿ ಚೀಟಿ ಹಾಕಿ ಬಂದಳು. ಅಂಥ ನಿರಕ್ಷರ ಜನ 1952ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಆರಿಸಿ ಕಳಿಸಿದ್ದು ಯಾರನ್ನು? ಸ್ವಾಮಿ ರಾಮಾನಂದ ತೀರ್ಥರನ್ನು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರನ್ನು, ನಿಜಾಮನ ವಿರುದ್ಧ ಹೋರಾಡಿ ಸೆರೆಮನೆ ಕಂಡ ಸನ್ಯಾಸಿಯನ್ನು. ಪದವೀಧರರು ತುಂಬಿರುವ ಇಂದಿನ ಯಾವ ಬಡಾವಣೆ ಇದಕ್ಕಿಂತ ಒಳ್ಳೆಯ ಆಯ್ಕೆ ಮಾಡಿದೆಯೋ ನನಗೆ ತೋರಿಸಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ನೀನು ಕ್ರಮವನ್ನು ತಲೆಕೆಳಗು ಮಾಡಿದ್ದೀಯ. ಮೊದಲು ಓದು, ಆಮೇಲೆ ಓಟು ಎನ್ನುತ್ತೀಯ. ನಮ್ಮಲ್ಲಿ ಮೊದಲು ಓಟು ಬಂತು, ಅದರ ಬೆನ್ನಿಗೆ ಶಾಲೆ ಬಂತು. ಓದು ಬಾರದ ಜನ ಓಟು ಕೇಳಲು ಬಂದವನನ್ನು ಅಗಸೆಬಾಗಿಲಲ್ಲಿ ನಿಲ್ಲಿಸಿ "ನಮ್ಮೂರಿಗೊಂದು ಸಾಲಿ ಕೊಡ್ರಿ" ಎಂದು ಕೇಳಿದರು. ನಾನು ಒಂದನೆಯ ಇಯತ್ತೆಗೆ ಸೇರಿದ್ದು ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಎರಡು ಕೋಣೆಯ ಶಹಾಬಾದ್ ಕಲ್ಲಿನ ಶಾಲೆ ಎದ್ದಿತ್ತು. ಅದು ಯಾವ ಸೇಠಜಿಯ ದಾನವೂ ಅಲ್ಲ. ನನ್ನ ಅಜ್ಜಿಯಂಥವರ ಓಟಿನ ಫಲ.

ಹುಡುಗ ತಲೆ ಅಲ್ಲಾಡಿಸಿದ. ಅಮೆರಿಕದ ಪರೀಕ್ಷೆಯ ಕಥೆ ಅವನಿಗೆ ತಿಳಿದಿತ್ತು, ಅದನ್ನು ಇಲ್ಲಿಗೆ ಹೊಂದಿಸಿ ನೋಡಿರಲಿಲ್ಲವಂತೆ. ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ. ಆದರೆ ಶಾಲೆಯ ವಿಷಯದಲ್ಲಿ ಬಗ್ಗಲಿಲ್ಲ.

"ನೀ ಓದಿದ್ದು ಯಾವ ಸಾಲ್ಯಾಗಪಾ?" ಎಂದು ಕೇಳಿದೆ. "ಪಬ್ಲಿಕ್ ಸ್ಕೂಲ್" ಎಂದ. ನಮ್ಮ ಬಳಗದ ಕೆಲವರು ಮೆಚ್ಚಿ ತಲೆದೂಗಿದರು. ನಮ್ಮಲ್ಲಿ ಫಲಕದ ಮೇಲೆ 'ಪಬ್ಲಿಕ್ ಸ್ಕೂಲ್' ಎಂದಿದ್ದರೆ ಅದು ಸಾರ್ವಜನಿಕರು ಹಣವಿಲ್ಲದೆ ಒಳಗೆ ಕಾಲಿಡಲಾಗದ ಶಾಲೆ. (2018ರಿಂದ 'ಕರ್ನಾಟಕ ಪಬ್ಲಿಕ್ ಸ್ಕೂಲ್' ಎಂದು ಸರಕಾರವೂ ತನ್ನ ಕೆಲವು ಶಾಲೆಗಳಿಗೆ ಆ ಹೆಸರಿಟ್ಟುಕೊಂಡಿತು, ಹೆಸರಿನ ಮೋಹ ಯಾರನ್ನೂ ಬಿಡದು.) ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಶುದ್ಧ ಸರಕಾರಿ ಶಾಲೆ. ಹನ್ನೆರಡು ವರ್ಷ ಅವನು ಒಂದು ಡಾಲರ್ ಬೋಧನಾ ಶುಲ್ಕ ಕೊಡದೆ ಓದಿದ್ದಾನೆ. ಮನೆಯ ಹತ್ತಿರಕ್ಕೇ ಹಳದಿ ಬಸ್ಸು ಬರುತ್ತಿತ್ತು, ಪುಸ್ತಕ ಶಾಲೆಯದೇ. ಮನೆಗಳ ಮೇಲಿನ ಆಸ್ತಿ ತೆರಿಗೆಯಿಂದ ಆ ಶಾಲೆ ನಡೆಯುತ್ತದೆ. ಅವನ ತಂದೆ ಅಲ್ಲಿ ಮನೆ ಕೊಳ್ಳುವ ಮುನ್ನ ವಿಚಾರಿಸಿದ ಮೊದಲ ಸಂಗತಿ, ಆ ಪ್ರದೇಶದ ಸರಕಾರಿ ಶಾಲೆ ಹೇಗಿದೆ ಎಂಬುದು. ಇದನ್ನು ತಂದೆಯೇ ಒಪ್ಪಿಕೊಂಡ. ಸರಕಾರಿ ಶಾಲೆಯನ್ನು ನೋಡಿ ಮನೆ ಕೊಂಡವರ ಮಗ, ಸೇಡಂ ತಾಲೂಕಿನ ಬಡವರಿಗೆ ಸರಕಾರಿ ಶಾಲೆ ಬೇಡವೆನ್ನುತ್ತಾನೆ!

ಹುಡುಗ ಕೂಡಲೇ ಸಮಜಾಯಿಷಿ ಕೊಟ್ಟ: ತನ್ನ ಶಾಲೆ ಚೆನ್ನಾಗಿತ್ತು, ಹಾಗಾಗಿ ಅದನ್ನು ಮುಚ್ಚುವ ಅಗತ್ಯವಿಲ್ಲ. ಸರಿ, ಅದು ಏಕೆ ಚೆನ್ನಾಗಿತ್ತು? ಹಣವಂತರು ಇರುವ ಊರು, ತೆರಿಗೆ ಹೆಚ್ಚು. ಅದೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಎಡ್ಜ್‌ವುಡ್ ಎಂಬ ಬಡ ಶಾಲಾ ಪ್ರದೇಶವಿತ್ತು, ಹೆಚ್ಚಿನವರು ಮೆಕ್ಸಿಕೋ ಮೂಲದ ದುಡಿಯುವ ಜನ. ಮನೆಗಳಿಗೆ ಬೆಲೆಯಿಲ್ಲ, ಹಾಗಾಗಿ ಶಾಲೆಗೂ ಹಣವಿಲ್ಲ. ಅಲ್ಲಿಯ ಪಾಲಕರು, ಡೆಮೆಟ್ರಿಯೋ ರೊಡ್ರಿಗ್ಸ್ ಎಂಬ ತಗಡಿನ ಕೆಲಸಗಾರನ ಮುಂದಾಳತ್ವದಲ್ಲಿ, 1968ರಲ್ಲಿ ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು: ಶಿಕ್ಷಣವು ಆ ದೇಶದ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ. ನಮ್ಮಲ್ಲಿ 2002ರ 86ನೆಯ ತಿದ್ದುಪಡಿಯಿಂದ ಅದು ಮೂಲಭೂತ ಹಕ್ಕು, ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ. ಕಾಗದದ ಮೇಲೆ ನಾವು ಅವರಿಗಿಂತ ಮುಂದೆ ಇದ್ದೇವೆ ಎಂದೆ. ಕಾಗದದ ಮೇಲೆ ಎಂದು ಹುಡುಗನೂ ಒತ್ತಿ ಹೇಳಿದ, ಇಬ್ಬರೂ ನಕ್ಕೆವು.

ಹೋಲಿಕೆ ಗಮನಿಸಿ. ಎಡ್ಜ್‌ವುಡ್‌ನ ಮಕ್ಕಳು ದಡ್ಡರೆಂದು ಶಾಲೆ ಕೆಟ್ಟಿರಲಿಲ್ಲ. ಕಲಬುರಗಿಯ ಮಕ್ಕಳು ದಡ್ಡರೆಂದು 42.43 ಬಂದದ್ದೂ ಅಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳ ಪೈಕಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ಚಿಂಚೋಳಿಯ ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬೀದಿಗಿಳಿದ ಮೇಲೆ 371(ಜೆ) ಬಂತು. ಆ ವಿಧಿಯಿಂದ ವೈದ್ಯಕೀಯ, ಇಂಜಿನಿಯರಿಂಗ್ ಸೀಟು ಪಡೆದ ನನ್ನ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದೀರಿ. ನಿಮ್ಮಲ್ಲಿಯೇ ಇಬ್ಬರು ಮೂವರು ಮದುವೆಯ ಮಂಟಪಗಳಲ್ಲಿ ನನ್ನೆದುರು, "ಸರ್, ಸರಕಾರಿ ಸಾಲಿ ಬಂದ್ ಮಾಡಬೇಕ್ರಿ, ಸುಮ್ನೆ ದಂಡ" ಎಂದಿದ್ದೀರಿ. ಹುಡುಗನ ಬಾಯಿಂದ ಬಂದ ಮಾತು ಟೆಕ್ಸಾಸಿನಿಂದ ಮಾತ್ರ ಬಂದದ್ದಲ್ಲ ಎಂದು ನಾನು ಹೇಳುವುದು ಇದಕ್ಕೇ. ಹತ್ತಿದ ಏಣಿಯನ್ನು ಒದೆಯುವವರನ್ನು ಅಮೆರಿಕದಲ್ಲಿ ಹುಡುಕಬೇಕಾಗಿಲ್ಲ.

ಇನ್ನು ಚೀಟಿಯ ಉಪಾಯ. ಅದರ ಚಿಕ್ಕ ರೂಪವನ್ನು ನಾವು ನೋಡಿಯೇ ಇದ್ದೇವೆ. ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟುಗಳನ್ನು ಬಡ ಮಕ್ಕಳಿಗೆ ಕೊಟ್ಟು, ಶುಲ್ಕವನ್ನು ಸರಕಾರ ಭರಿಸುವ ವ್ಯವಸ್ಥೆ ಕರ್ನಾಟಕದಲ್ಲಿ 2012ರಿಂದ ಜೋರಾಗಿ ನಡೆಯಿತು. 2019ರ ಜನವರಿಯಲ್ಲಿ ನಿಯಮ ತಿದ್ದಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವೆಂದ ಮೇಲೆ ಅದು ಬಹುಮಟ್ಟಿಗೆ ನಿಂತುಹೋಯಿತು. ಆ ವರ್ಷಗಳಲ್ಲಿ ನಾನು ಕಂಡದ್ದೇನು? ಸೀಟು ಸಿಕ್ಕಿದ್ದು ಖಾಸಗಿ ಶಾಲೆ ಇರುವ ಪೇಟೆಯ ಮಕ್ಕಳಿಗೆ. ಚಿಂಚೋಳಿಯ ತಾಂಡಾದ ಮಗು ಯಾವ ಶಾಲೆಯನ್ನು ಆರಿಸಿಕೊಳ್ಳಬೇಕು? ಖಾಸಗಿ ಶಾಲೆಯ ವ್ಯಾನು ಡಾಂಬರು ರಸ್ತೆ ಮುಗಿದಲ್ಲಿಂದ ತಿರುಗಿಕೊಳ್ಳುತ್ತದೆ. ಇದ್ದವರಿಗೂ ಎಂಟನೆಯ ತರಗತಿಯವರೆಗೆ ಮಾತ್ರ ಸರಕಾರದ ಹಣ. ಒಂಬತ್ತಕ್ಕೆ ಬಂದ ಕೂಡಲೇ ಪೂರ್ತಿ ಶುಲ್ಕ ಕಟ್ಟಿರಿ ಎಂಬ ಕಾಗದ. ನಾನು ನಿವೃತ್ತನಾಗುವ ಮುಂಚಿನ ತಿಂಗಳುಗಳಲ್ಲಿ ಹಾಗೆ ಬಂದ ಮಕ್ಕಳನ್ನು ನಾನೇ ಸೇರಿಸಿಕೊಂಡೆ. ವರ್ಗಾವಣೆ ಪತ್ರ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ ಒಬ್ಬ ತಂದೆಗೆ "ಇದು ನಿಮ್ಮದೇ ಸಾಲಿ, ಕೂಡ್ರಿ" ಎಂದದ್ದು ನೆನಪಿದೆ.

ಅದು ಕೊರೋನಾ ಕಾಲ. ಮುಂಬೈ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗಿದ್ದ ನಮ್ಮ ಜನ ಮಕ್ಕಳನ್ನು ಕಟ್ಟಿಕೊಂಡು ಮರಳಿದ್ದರು. 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಎಂದು ಸರಕಾರ ಹೇಳಿತು, ನಾವು ಊರೂರಿಗೆ ಹೋಗಿ ಗುಡಿಯ ಪಡಸಾಲೆಯಲ್ಲಿ, ಹುಣಸೆಮರದ ಕೆಳಗೆ ಮಕ್ಕಳನ್ನು ಕೂಡಿಸಿಕೊಂಡು ಪಾಠ ಮಾಡಿದೆವು. ಐವತ್ತು ವರ್ಷದ ಹಿಂದೆ ನಾನು ಕುಳಿತಿದ್ದ ಅದೇ ಹನುಮಂತ ದೇವರ ಕಟ್ಟೆಯ ಮೇಲೆ ನಾನೇ ನಿಂತು ಪೈಥಾಗೊರಸನ ಪ್ರಮೇಯ ಹೇಳಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶುಲ್ಕ ಕಟ್ಟಿಲ್ಲವೆಂದು ಆನ್‌ಲೈನ್ ಪಾಠದಿಂದ ಹೊರಬಿದ್ದ ಮಕ್ಕಳೂ ಆ ಕಟ್ಟೆಗೆ ಬಂದರು. ಕೊಡುವವನಿಲ್ಲದಾಗ ಅಂಗಡಿ ಬಾಗಿಲು ಹಾಕುತ್ತದೆ, ಅದು ಅಂಗಡಿಯ ಧರ್ಮ, ನಾನು ಅದನ್ನು ದೂರುವುದಿಲ್ಲ. ಆದರೆ ಬಂದ ಮಗುವನ್ನು ಬೇಡವೆನ್ನುವ ಅಧಿಕಾರ ಇಲ್ಲದಿರುವುದು ಸರಕಾರಿ ಶಾಲೆಗೆ ಮಾತ್ರ. ಟೆಕ್ಸಾಸ್ ರಾಜ್ಯ 1975ರಲ್ಲಿ, ಕಾನೂನುಬದ್ಧ ಕಾಗದವಿಲ್ಲದೆ ಬಂದ ವಲಸಿಗರ ಮಕ್ಕಳಿಗೆ ಶಾಲೆಯ ಹಣ ಕೊಡುವುದಿಲ್ಲವೆಂದು ಕಾಯಿದೆ ಮಾಡಿತ್ತು. 1982ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ಮತ್ತೆ ಐದಕ್ಕೆ ನಾಲ್ಕರಿಂದ, ಅದನ್ನು ರದ್ದು ಮಾಡಿತು. ತಂದೆತಾಯಿ ಗಡಿ ದಾಟಿದ್ದಕ್ಕೆ ಮಗುವಿಗೆ ಶಿಕ್ಷೆ ಕೊಡಬಾರದೆಂಬುದು ಅದರ ತಾತ್ಪರ್ಯ. ವಲಸೆ ಹೋದವರ ಮಗನಾದ ನಮ್ಮ ಹುಡುಗ ಈ ತೀರ್ಪನ್ನು ಓದಬೇಕು ಎಂದೆ. ಓದಿದ್ದೇನೆ ಎಂದ. ಓದಿಯೂ ಹೀಗೆ ಮಾತಾಡುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು, ಧ್ವನಿ ಏರಿತು. ಅಕ್ಕ ನಡುವೆ ಬಂದು ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ಆಗಲೇ ಅವನು ಆ ಪ್ರಶ್ನೆ ಕೇಳಿದ್ದು. ಜೋರಾಗಿ ಅಲ್ಲ, ಮೆಲ್ಲಗೆ.

"ಮುತ್ಯಾ, ನಿಮ್ಮ ಮಕ್ಕಳು ಎಲ್ಲಿ ಓದಿದ್ರು?"

ಬಂಧುಗಳಿಗೆ ಉತ್ತರ ಗೊತ್ತು. ವಿದ್ಯಾರ್ಥಿಗಳಿಗೂ ಕೆಲವರಿಗೆ ಗೊತ್ತಿರಬಹುದು. ನನ್ನ ಇಬ್ಬರು ಮಕ್ಕಳೂ ಗುಲಬರ್ಗಾದ ಒಂದು ಖಾಸಗಿ ಆಂಗ್ಲ ಮಾಧ್ಯಮ ಶಾಲೆಯಲ್ಲಿ ಓದಿದರು. ಅದಕ್ಕಾಗಿ ಅಲ್ಲಿ ಬಾಡಿಗೆಯ ಮನೆ ಮಾಡಿದೆ, ಹೆಂಡತಿ ಮಕ್ಕಳನ್ನು ಅಲ್ಲಿಟ್ಟೆ, ವಾರಕ್ಕೊಮ್ಮೆ ರೈಲು ಹತ್ತಿದೆ. ಸೋಮವಾರ ಮುಂಜಾನೆ ಬಂದು ನಿಮ್ಮೆದುರು ನಿಂತು, ಸರಕಾರಿ ಶಾಲೆಯಲ್ಲಿ ಓದಿಯೂ ಮೇಲೆ ಬರಬಹುದು ಎಂದು ಭಾಷಣ ಮಾಡಿದೆ. ನಮ್ಮ ಶಾಲೆಯ ಶಿಕ್ಷಕರಲ್ಲಿ ನಾನೊಬ್ಬನೇ ಹೀಗೆ ಮಾಡಿದವನಲ್ಲ ಎಂಬುದು ಸಮರ್ಥನೆಯಾಗಲಾರದು, ಅದೇ ರೋಗ. 2015ರ ಆಗಸ್ಟಿನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು, ಸರಕಾರದಿಂದ ಸಂಬಳ ಪಡೆಯುವವರೆಲ್ಲ ತಮ್ಮ ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಬೇಕೆಂದು ಉತ್ತರ ಪ್ರದೇಶ ಸರಕಾರಕ್ಕೆ ಆದೇಶಿಸಿದಾಗ ಶಿಕ್ಷಕರ ಕೋಣೆಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿದವನು ನಾನೇ. ಎಲ್ಲರೂ ಭೇಷ್ ಎಂದೆವು. ಆ ಆದೇಶ ಅಲ್ಲಿಯೂ ಜಾರಿಗೆ ಬರಲಿಲ್ಲ. ಬಂದಿದ್ದರೆ, ಇಲ್ಲಿಗೂ ಬಂದೀತೆಂಬ ಭಯ ನನಗಿರುತ್ತಿತ್ತು. ನನ್ನ ಮಕ್ಕಳು ಆ ಹೊತ್ತಿಗೆ ಶಾಲೆ ಮುಗಿಸಿದ್ದರು, ಹಾಗಾಗಿ ಭೇಷ್ ಎನ್ನುವುದು ಸುಲಭವಾಗಿತ್ತು.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಅಂದ್ರ ನಿಮಗೂ ಆ ಸಾಲಿ ಮ್ಯಾಲ ನಂಬಿಗಿ ಇರಲಿಲ್ಲ" ಎಂದ. ಇರಲಿಲ್ಲ ಎಂದೆ.

ಈಗ ನನ್ನ ವಾದ ಸೋತಿತೆಂದು ನೀವು ತಿಳಿಯಬಹುದು. ನಾನು ಹಾಗೆ ತಿಳಿಯುವುದಿಲ್ಲ. ನನ್ನ ನಡತೆ ಸೋತಿದೆ, ವಾದವಲ್ಲ. 1970ರ ದಶಕದಲ್ಲಿ ಗೌಡರ ಮಗ, ಕುಲಕರ್ಣಿಯವರ ಮಗಳು, ಕೂಲಿಯವನ ಮಗ ಎಲ್ಲರೂ ಒಂದೇ ಕಲ್ಲಿನ ನೆಲದ ಮೇಲೆ ಕೂಡುತ್ತಿದ್ದಾಗ ಮಾಸ್ತರ ಎರಡು ದಿನ ಬಾರದಿದ್ದರೆ ಗೌಡರು ಗುಲಬರ್ಗಾಕ್ಕೆ ಹೋಗಿ ಸಾಹೇಬರನ್ನು ಕೇಳುತ್ತಿದ್ದರು. ಮೊದಲು ಗೌಡರ ಮಗ ಶಾಲೆ ಬಿಟ್ಟ, ಆಮೇಲೆ ವ್ಯಾಪಾರಿಯ ಮಗ, ಆಮೇಲೆ ಕಾರ್ಖಾನೆಯಲ್ಲಿ ಕಾಯಂ ನೌಕರಿ ಸಿಕ್ಕವನ ಮಗ, ಕೊನೆಗೆ ಮಾಸ್ತರನ ಮಗನೂ ಬಿಟ್ಟ. ಉಳಿದವರ ಮಾತನ್ನು ಕಚೇರಿಯಲ್ಲಿ ಕುರ್ಚಿ ಕೊಟ್ಟು ಕೇಳುವವರಿಲ್ಲ. ಗಣಿತದ ಹುದ್ದೆ ಖಾಲಿ ಬಿದ್ದರೆ ಅತಿಥಿ ಶಿಕ್ಷಕ ಬರುತ್ತಾನೆ, ಅವನ ಗೌರವಧನ ತಿಂಗಳುಗಟ್ಟಲೆ ಬರುವುದಿಲ್ಲ, ಅವನೂ ಹೋಗುತ್ತಾನೆ. ಇದ್ದ ಶಿಕ್ಷಕರನ್ನು ಮತದಾರರ ಪಟ್ಟಿಗೆ, ಗಣತಿಗೆ, ಸಮೀಕ್ಷೆಗೆ ಓಡಿಸುತ್ತಾರೆ. ಓಟು ಶಾಲೆಯನ್ನು ತಂದಿತು ಎಂದೆನಲ್ಲ, ಮಾತು ನಡೆಯುವವರು ಹೊರಟುಹೋದ ಮೇಲೆ ಉಳಿದ ಓಟಿಗೆ ಆ ಬಲ ಇಲ್ಲ. ಹುಡುಗ ಹೇಳುವ ಚೀಟಿ ಕೊಟ್ಟರೆ, ಅಲ್ಪಸ್ವಲ್ಪ ಬಲವಿರುವ ಇನ್ನೂ ಹತ್ತು ಮಂದಿ ಹೊರಡುತ್ತಾರೆ. ಆಮೇಲೆ ಉಳಿಯುವವರು ಯಾರು? ತೊಗರಿ ರಾಶಿಗೆ ತಾಯಿಯ ಜೊತೆ ಹೋಗಿ ಹದಿನೈದು ದಿನ ತಪ್ಪಿಸಿಕೊಳ್ಳುವ ಹುಡುಗಿ. ಅವಳನ್ನು ಯಾವ ಅಂಗಡಿಯೂ ಗಿರಾಕಿಯೆಂದು ಎಣಿಸುವುದಿಲ್ಲ.

2002ರಲ್ಲಿ ಬಿಸಿಯೂಟ ರಾಜ್ಯದಲ್ಲಿ ಮೊದಲು ಆರಂಭವಾದದ್ದೇ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. 2006ರಲ್ಲಿ ಎಂಟನೆಯ ತರಗತಿಗೆ ಸೈಕಲ್ ಬಂತು. ಎರಡಕ್ಕೂ ಮೊದಲು ಮತ್ತು ನಂತರ ನಾನು ಹಾಜರಿ ಹಾಕಿದ್ದೇನೆ. ಹುಡುಗಿಯರ ಹೆಸರಿನ ಮುಂದೆ ಕೆಂಪು ಶಾಯಿ ಹೇಗೆ ಕಡಿಮೆಯಾಯಿತೆಂದು ಹಾಜರಿ ಪುಸ್ತಕ ಹಿಡಿದವನಿಗೆ ಗೊತ್ತು. ಸರಕಾರಕ್ಕೆ ಕೈಲಾಗದು ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡು ದಿನಗಳ ನಂತರ ಹುಡುಗನನ್ನು ಹತ್ತಿರದ ಸರಕಾರಿ ಪ್ರೌಢಶಾಲೆಗೆ ಕರೆದುಕೊಂಡು ಹೋದೆ. ಹತ್ತನೆಯ ತರಗತಿಯಲ್ಲಿ ಶಿಕ್ಷಕರಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಅವನಿಗೇ ಹೊತ್ತು ಕೊಟ್ಟರು. ತನ್ನ ಹರಕು ಕನ್ನಡದಲ್ಲಿ ಅಮೆರಿಕದ ಶಾಲೆಯ ಕಥೆ ಹೇಳಿದ. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಣ್ಣಾ, ನಿಮ್ಮ ಸಾಲಿಗೆ ಫೀ ಎಷ್ಟ್ರೀ?" ಎಂದಳು. ಇಲ್ಲ ಎಂದ. "ಬಸ್ಸಿಗೆ?" ಅದಕ್ಕೂ ಇಲ್ಲ. "ಗಣಿತಕ್ಕ ಮಾಸ್ತರ ಇದ್ರೇನ್ರೀ?" ಇವನು ಇಬ್ಬರಿದ್ದರು ಎಂದ. ಹುಡುಗಿ ಏನೂ ಹೇಳದೆ ಕುಳಿತಳು. ಆಮೇಲೆ ಹುಡುಗ ಸೀಮೆಸುಣ್ಣ ಕೇಳಿ ಪಡೆದು ವರ್ಗ ಸಮೀಕರಣದ ಮೂರು ಲೆಕ್ಕ ಬಿಡಿಸಿದ. ಎರಡು ಸರಿಯಾಗಿದ್ದವು. ಮೂರನೆಯದರಲ್ಲಿ ಋಣ ಚಿಹ್ನೆ ಬಿಟ್ಟದ್ದನ್ನು ಅದೇ ಹುಡುಗಿ ತೋರಿಸಿದಳು.

ಕಳೆದ ವಾರ ಫೋನು ಮಾಡಿದ್ದ. ಓಟಿನ ವಿಷಯದಲ್ಲಿ ತನ್ನದು ತಪ್ಪಾಗಿತ್ತು, ಆದರೆ ಚೀಟಿಯ ವಿಷಯದಲ್ಲಿ ಇನ್ನೂ ಒಪ್ಪಿಲ್ಲ ಎಂದ. ಸಣ್ಣ ಊರುಗಳಿಗೆ ಬೇರೆ ಲೆಕ್ಕಾಚಾರ ಮಾಡಬಹುದಂತೆ, ಪ್ರಬಂಧವೊಂದನ್ನು ಬರೆಯುತ್ತಿದ್ದಾನಂತೆ. ಕಳಿಸು, ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ ಎಂದೆ. ಫೋನು ಇಡುವ ಮುನ್ನ ಕೇಳಿದ:

"ಮುತ್ಯಾ, ಗಣಿತದ ಮಾಸ್ತರ ಬಂದ್ರಾ?"

"ಇಲ್ಲಪಾ" ಎಂದೆ.